ಕಿಟ್ ಬಿಯರಿನ ಮದ್ಯಾಂಶ ಹೆಚ್ಚಿಸುವ ಬಗೆ: ಮನೆಯಲ್ಲಿ ಬಿಯರ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಡಬ್ಬಿಯಲ್ಲಿ ಬರುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕದ ಕಿಟ್ ಕೊಂಡು, ಅದನ್ನು ಕರಗಿಸಿ, ಯೀಸ್ಟ್ ಹಾಕಿ ಮನೆಯಲ್ಲೇ ಬಿಯರ್ ಮಾಡುವವರು ಕೆಲವು ಸಲ ಕೈ ಕುದುರಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಇದನ್ನು ಇನ್ನಷ್ಟು ಸ್ಟ್ರಾಂಗ್ ಮಾಡುವುದು ಹೇಗೆ? ಇನ್ನೊಂದು ಕಿಲೋ ಸಕ್ಕರೆ ಸುರಿಯಿರಿ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಹಾಗೆ ಮಾಡಿದ ಬಿಯರಿನಲ್ಲಿ ಮದ್ಯಾಂಶ ಏರುವುದೇ ಹೊರತು ರುಚಿ ನೀರಾಗುತ್ತದೆ, ಗಂಟಲಿಗೆ ಕಾರವೆನಿಸುವ ಮದ್ಯದ ಘಾಟು ಮುಂದೆ ನಿಲ್ಲುತ್ತದೆ. ಒಳ್ಳೆಯ ಸ್ಟ್ರಾಂಗ್ ಬಿಯರಿಗೆ ಮೂರು ಸಂಗತಿಗಳು ಜೊತೆಯಾಗಿ ನಡೆಯಬೇಕು: ಹೆಚ್ಚುವರಿ ಸಕ್ಕರೆಯ ಬಹುಪಾಲು ಮಾಲ್ಟ್‌ನಿಂದಲೇ ಬರಬೇಕು, ಆ ಸಿಹಿಯನ್ನು ತೂಗಿಸುವಷ್ಟು ಕಹಿ ಇರಬೇಕು, ಅಷ್ಟೆಲ್ಲವನ್ನೂ ಅರಗಿಸಿಕೊಳ್ಳುವಷ್ಟು ಆರೋಗ್ಯವಂತ ಯೀಸ್ಟ್ ಇರಬೇಕು. ಇವುಗಳಲ್ಲಿ ಮೂರನೆಯದನ್ನೇ ಹೆಚ್ಚಿನವರು ಕಡೆಗಣಿಸುತ್ತಾರೆ, ಸೋಲು ಕೂಡ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ.

ಈ ಬರಹ ಈಗಾಗಲೇ ಒಂದೆರಡು ಕಿಟ್‌ಗಳನ್ನು ಸೂಚನೆಯಂತೆ ಮಾಡಿ ಮುಗಿಸಿರುವ ವಯಸ್ಕರಿಗಾಗಿ. ಮನೆಯಲ್ಲಿ ಬಿಯರ್ ತಯಾರಿಸಲು ತಾವಿರುವಲ್ಲಿ ಕಾನೂನಿನ ಅನುಮತಿ ಇದೆಯೇ, ಇದ್ದರೆ ಎಷ್ಟು ಪ್ರಮಾಣಕ್ಕೆ ಎಂಬುದನ್ನು ಮೊದಲು ತಿಳಿದುಕೊಂಡೇ ಮುಂದುವರಿಯಬೇಕು.

ಮೊದಲು ಲೆಕ್ಕ

ಸಾಮಾನ್ಯ ಕಿಟ್ ಎಂದರೆ ಹಾಪ್ಸ್‌ನ (ಬಿಯರಿಗೆ ಕಹಿ, ಸುವಾಸನೆ ಕೊಡುವ ಹೂವು) ಕಹಿ ಮೊದಲೇ ಸೇರಿರುವ 1.7 ಕೆಜಿ ಮಾಲ್ಟ್ ಪಾಕದ ಡಬ್ಬಿ. ಅದಕ್ಕೆ 1 ಕೆಜಿ ಸಕ್ಕರೆ ಸೇರಿಸಿ ಒಟ್ಟು 23 ಲೀಟರ್ ಮಾಡಿರಿ ಎಂದು ಸೂಚನೆ ಇರುತ್ತದೆ. ಇದರಿಂದ ಎಷ್ಟು ಮದ್ಯಾಂಶ ಬರುತ್ತದೆ ಎಂಬುದನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಶುದ್ಧ ನೀರು 1.000 ತೋರಿಸುತ್ತದೆ, ಸಕ್ಕರೆ ಕರಗಿದಷ್ಟೂ ಅಂಕಿ ಏರುತ್ತದೆ. 1.040 ಎಂದರೆ 40 ಅಂಕ ಎಂದಿಟ್ಟುಕೊಳ್ಳೋಣ. 1 ಕೆಜಿ ಪದಾರ್ಥ ಕರಗಿ ಒಟ್ಟು ದ್ರಾವಣ 1 ಲೀಟರ್ ಆದಾಗ ಮಾಲ್ಟ್ ಪಾಕವು ಸುಮಾರು 300 ಅಂಕ, ಒಣ ಮಾಲ್ಟ್ ಪುಡಿ 365, ಸಾಧಾರಣ ಸಕ್ಕರೆ 385, ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಪುಡಿ) 350, ಜೇನುತುಪ್ಪ 290 ಅಂಕ ಕೊಡುತ್ತವೆ. ಕೆಜಿಯನ್ನು ಈ ಅಂಕಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಲೀಟರಿನಿಂದ ಭಾಗಿಸಿದರೆ ಆರಂಭಿಕ ಸಾಂದ್ರತೆ ಸಿಗುತ್ತದೆ.

ಸಾಮಾನ್ಯ ಕಿಟ್‌ಗೆ ಇದನ್ನು ಅನ್ವಯಿಸಿದರೆ 1.7 ಕೆಜಿ ಪಾಕದಿಂದ 510, 1 ಕೆಜಿ ಸಕ್ಕರೆಯಿಂದ 385, ಒಟ್ಟು 895. ಇದನ್ನು 23ರಿಂದ ಭಾಗಿಸಿದರೆ ಸುಮಾರು 39, ಅಂದರೆ 1.039. ಹುದುಗುವಿಕೆ ಮುಗಿದಾಗ ಅಂಕಿ 1.009ರ ಆಸುಪಾಸಿಗೆ ಇಳಿಯುತ್ತದೆ. ಆರಂಭಿಕ ಸಾಂದ್ರತೆಯಿಂದ ಅಂತಿಮ ಸಾಂದ್ರತೆಯನ್ನು ಕಳೆದು 131.25ರಿಂದ ಗುಣಿಸಿದರೆ ಮದ್ಯಾಂಶದ ಶೇಕಡಾವಾರು ಬರುತ್ತದೆ. ಇಲ್ಲಿ ಅದು ಸುಮಾರು ಶೇ. 4. ಬಾಟಲಿಗೆ ಹಾಕುವ ಸಕ್ಕರೆಯಿಂದ ಇನ್ನೂ ಶೇ. 0.3ರಷ್ಟು ಸೇರುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಒಟ್ಟು 895 ಅಂಕಗಳಲ್ಲಿ 385 ಸಕ್ಕರೆಯಿಂದಲೇ ಬಂದಿವೆ, ಅಂದರೆ ಶೇ. 43. ಬೆಲ್ಜಿಯಂನ ಟ್ರಿಪೆಲ್‌ನಂತಹ, ಸಕ್ಕರೆಯನ್ನು ಉದ್ದೇಶಪೂರ್ವಕವಾಗಿ ಬಳಸುವ ಬಿಯರುಗಳಲ್ಲಿಯೂ ಅದು ಶೇ. 20ರ ಸುಮಾರಿನಲ್ಲಿ ನಿಲ್ಲುತ್ತದೆ. ಕಿಟ್ ಬಿಯರ್ ತೆಳುವಾಗಿರುವುದಕ್ಕೆ ಮುಖ್ಯ ಕಾರಣ ಇದೇ. ಆದ್ದರಿಂದ ಮದ್ಯಾಂಶ ಹೆಚ್ಚಿಸುವ ಕೆಲಸ ಸಕ್ಕರೆ ಕೂಡಿಸುವುದರಿಂದಲ್ಲ, ಇರುವ ಸಕ್ಕರೆಯನ್ನು ಕಡಿಮೆ ಮಾಡುವುದರಿಂದ ಆರಂಭವಾಗಬೇಕು ಎಂಬುದು ನನ್ನ ನಿಲುವು.

ಯಾವ ದಾರಿ ಎಷ್ಟು ಕೊಡುತ್ತದೆ

ಅತಿ ಸರಳವಾದ ದಾರಿ ನೀರನ್ನು ಕಡಿಮೆ ಮಾಡುವುದು. ಅದೇ ಡಬ್ಬಿ, ಅದೇ ಸಕ್ಕರೆ, ಆದರೆ 23ರ ಬದಲು 18 ಲೀಟರ್ ಎಂದರೆ ಆರಂಭಿಕ ಸಾಂದ್ರತೆ 1.050 ಆಗುತ್ತದೆ, ಮದ್ಯಾಂಶ ಶೇ. 5 ದಾಟುತ್ತದೆ. ಬೇರೇನನ್ನೂ ಕೊಳ್ಳಬೇಕಾಗಿಲ್ಲ, ಕಹಿಯೂ ಅದೇ ಪ್ರಮಾಣದಲ್ಲಿ ಗಟ್ಟಿಯಾಗುವುದರಿಂದ ಸಿಹಿ-ಕಹಿಯ ಸಮತೋಲನ ತಪ್ಪುವುದಿಲ್ಲ. ಮೊದಲ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯದು ಒಣ ಮಾಲ್ಟ್ ಪುಡಿ. 23 ಲೀಟರಿಗೆ 1 ಕೆಜಿ ಪುಡಿ ಸೇರಿಸಿದರೆ ಸುಮಾರು 16 ಅಂಕ ಏರುತ್ತದೆ, ಮದ್ಯಾಂಶ ಶೇ. 1.5ರಷ್ಟು ಹೆಚ್ಚುತ್ತದೆ. ಇಷ್ಟೇ ತೂಕದ ಸಕ್ಕರೆ ಶೇ. 2.2ರಷ್ಟು ಕೊಡುತ್ತದೆ ಎಂಬುದು ನಿಜ. ಸಕ್ಕರೆ ಪೂರ್ತಿಯಾಗಿ ಹುದುಗುತ್ತದೆ, ಮಾಲ್ಟ್‌ನಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಹುದುಗದೆ ಉಳಿಯುತ್ತದೆ. ಆದರೆ ಬಾಯಿ ತುಂಬುವ ಗಟ್ಟಿತನ, ನಿಲ್ಲುವ ನೊರೆ, ಧಾನ್ಯದ ರುಚಿ ಎಲ್ಲವೂ ಆ ಉಳಿದ ಭಾಗದ ಜೊತೆಗೇ ಬರುತ್ತವೆ. ಯೀಸ್ಟ್‌ಗೆ ಬೇಕಾದ ಸಾರಜನಕವೂ ಮಾಲ್ಟ್‌ನಲ್ಲಿದೆ, ಸಕ್ಕರೆಯಲ್ಲಿಲ್ಲ.

ಸಕ್ಕರೆ ಬಿಟ್ಟು ಎರಡು ಡಬ್ಬಿಗಳನ್ನು ಒಟ್ಟಿಗೆ ಬಳಸುವ ರೂಢಿಯೂ ಇದೆ. ಇದರ ಬಗ್ಗೆ ಒಂದು ತಪ್ಪು ನಿರೀಕ್ಷೆ ಹರಡಿದೆ. 3.4 ಕೆಜಿ ಪಾಕವನ್ನು 23 ಲೀಟರಿಗೆ ಹಾಕಿದರೆ ಸಿಗುವುದು 1.044 ಮಾತ್ರ, ಒಂದು ಡಬ್ಬಿ ಮತ್ತು ಸಕ್ಕರೆಯಿಂದ ಬಂದದ್ದಕ್ಕಿಂತ ಮದ್ಯಾಂಶ ಅರ್ಧ ಪ್ರತಿಶತವೂ ಹೆಚ್ಚುವುದಿಲ್ಲ. ಕಹಿ ಮಾತ್ರ ದುಪ್ಪಟ್ಟಾಗುತ್ತದೆ. ಎರಡು ಡಬ್ಬಿಗಳ ನಿಜವಾದ ಲಾಭ ರುಚಿಯಲ್ಲಿದೆ, ಸ್ಟೌಟ್‌ನಂತಹ ಕಪ್ಪು ಬಿಯರಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಮದ್ಯಾಂಶವೂ ಬೇಕೆಂದರೆ ಒಟ್ಟು ಪ್ರಮಾಣವನ್ನು 18 ಲೀಟರಿಗೆ ಇಳಿಸಬೇಕು, ಆಗ 1.057ರ ಹತ್ತಿರ ಬರುತ್ತದೆ.

ಉಳಿದವು ಅಷ್ಟೇನೂ ಪ್ರಯೋಜನಕ್ಕೆ ಬಾರದ ಉಪಾಯಗಳು. ಹುದುಗದ ಪಿಷ್ಟವನ್ನೂ ಒಡೆದು ಸಕ್ಕರೆ ಮಾಡುವ ಎನ್‌ಜೈಮ್ (ಕಿಣ್ವ) ಪುಡಿ ಅಂತಿಮ ಸಾಂದ್ರತೆಯನ್ನು 1.000ದ ಹತ್ತಿರ ತಂದು ಮದ್ಯಾಂಶ ಸ್ವಲ್ಪ ಏರಿಸುತ್ತದೆ, ಆದರೆ ಬಿಯರಿನ ಗಟ್ಟಿತನವನ್ನೆಲ್ಲ ಒಯ್ಯುತ್ತದೆ. ಬಟ್ಟಿ ಇಳಿಸುವ ಉದ್ದೇಶಕ್ಕಾಗಿ ಮಾರುವ ಟರ್ಬೊ ಯೀಸ್ಟ್ ಬಿಯರಿಗೆ ತಕ್ಕದ್ದಲ್ಲ.

ಒಂದು ಪಾಕವಿಧಾನ

ಮುಂದಿನ ಹಂತಗಳನ್ನು ಒಂದು ನಿರ್ದಿಷ್ಟ ಉದಾಹರಣೆಯ ಮೇಲೆ ಕಟ್ಟಿದ್ದೇನೆ. ಗುರಿ ಶೇ. 6.5ರ ಸುಮಾರಿನ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್. ಬೇಕಾದವು: 1.7 ಕೆಜಿಯ ಪೇಲ್ ಏಲ್ ಅಥವಾ ಬಿಟರ್ ಡಬ್ಬಿ ಒಂದು, ತಿಳಿ ಬಣ್ಣದ ಒಣ ಮಾಲ್ಟ್ ಪುಡಿ 1.5 ಕೆಜಿ, ಸಕ್ಕರೆ 500 ಗ್ರಾಂ, ಶೇ. 6ರಷ್ಟು ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಇರುವ ಹಾಪ್ಸ್ 20 ಗ್ರಾಂ, 11 ಗ್ರಾಂನ ಏಲ್ ಯೀಸ್ಟ್ ಪೊಟ್ಟಣ ಎರಡು. ಒಟ್ಟು 1,250 ಅಂಕ. ಸಕ್ಕರೆಯ ಪಾಲು ಶೇ. 15. ಕೊನೆಗೆ 20 ಲೀಟರ್ ಆದಾಗ ಸಾಂದ್ರತೆ 1.062ಕ್ಕೆ ಸಮನಾಗುತ್ತದೆ, 1.014ರಲ್ಲಿ ನಿಂತರೆ ಮದ್ಯಾಂಶ ಶೇ. 6.3, ಬಾಟಲಿಯ ಸಕ್ಕರೆ ಸೇರಿ ಶೇ. 6.6.

ಪಾತ್ರೆ, ಸೌಟು, ನಲ್ಲಿ, ಥರ್ಮಾಮೀಟರ್ ಎಲ್ಲವನ್ನೂ ಮೊದಲು ತೊಳೆದು ಆಮೇಲೆ ಸೋಂಕುನಿವಾರಕದಲ್ಲಿ ಅದ್ದುವುದು ಎಂದಿನಂತೆಯೇ. ಸ್ಟ್ರಾಂಗ್ ಬಿಯರ್ ತಿಂಗಳುಗಟ್ಟಲೆ ಬಾಟಲಿಯಲ್ಲಿರುವುದರಿಂದ ಸಣ್ಣ ಸೋಂಕಿಗೂ ಬೆಳೆಯಲು ಸಮಯ ಸಿಗುತ್ತದೆ ಎಂಬುದನ್ನಷ್ಟೇ ಇಲ್ಲಿ ಸೇರಿಸಬೇಕು.

ಹಂತ 1: ಹಾಪ್ಸ್ ಕುದಿಸುವುದು

ಡಬ್ಬಿಯಲ್ಲಿರುವ ಕಹಿಯನ್ನು ತಯಾರಕರು ಶೇ. 4ರ ಬಿಯರಿಗೆಂದು ಅಳೆದಿರುತ್ತಾರೆ. ಮಾಲ್ಟ್ ಹೆಚ್ಚಿದಾಗ ಅದು ಸಾಲದೆ ಬಿಯರ್ ಅಂಟು ಸಿಹಿಯಾಗಿ ಕಾಣುತ್ತದೆ. ಆದ್ದರಿಂದ 3 ಲೀಟರ್ ನೀರಿಗೆ 300 ಗ್ರಾಂ ಮಾಲ್ಟ್ ಪುಡಿ ಹಾಕಿ ಕರಗಿಸಿ ಕುದಿಗೆ ತರಬೇಕು. ಪುಡಿಯನ್ನು ಬಿಸಿ ಹಬೆಯ ಮೇಲೆ ಸುರಿದರೆ ಕಲ್ಲಿನಂತೆ ಗಂಟುಕಟ್ಟುತ್ತದೆ; ತಣ್ಣೀರಿನಲ್ಲೇ ಕಲಸಿ ಆಮೇಲೆ ಒಲೆ ಹೊತ್ತಿಸುವುದು ಜಾಣತನ. ಮೊದಲ ಕುದಿಯಲ್ಲಿ ನೊರೆ ಒಮ್ಮೆಲೇ ಉಕ್ಕುವುದರಿಂದ ದೊಡ್ಡ ಪಾತ್ರೆ ಬೇಕು, ಕಣ್ಣು ಅದರ ಮೇಲೆಯೇ ಇರಬೇಕು.

ನೊರೆ ಇಳಿದ ಮೇಲೆ 20 ಗ್ರಾಂ ಹಾಪ್ಸ್ ಹಾಕಿ 30 ನಿಮಿಷ ಕುದಿಸಿರಿ. ಇದರಿಂದ 20 ಲೀಟರ್ ಬಿಯರಿಗೆ 10ರಿಂದ 12 ಐ.ಬಿ.ಯು.ನಷ್ಟು (ಬಿಯರಿನ ಕಹಿ ಅಳೆಯುವ ಮಾನ) ಕಹಿ ಹೆಚ್ಚುತ್ತದೆ, ಡಬ್ಬಿಯದರ ಜೊತೆಗೆ ಇದು ಸಾಕು. ಕಿಟ್‌ನ ಜೊತೆ ಬಂದ ಸಣ್ಣ ಯೀಸ್ಟ್ ಪೊಟ್ಟಣವನ್ನು ಕೊನೆಯ 10 ನಿಮಿಷ ಇದೇ ಕುದಿಗೆ ಹಾಕಿಬಿಡಬಹುದು. ಸತ್ತ ಯೀಸ್ಟ್ ಬದುಕಿರುವ ಯೀಸ್ಟ್‌ಗೆ ಒಳ್ಳೆಯ ಪೋಷಕಾಂಶ. ಮುಚ್ಚಳದ ಕೆಳಗೆ ಎಷ್ಟು ಕಾಲ, ಎಂಥ ಬಿಸಿಯಲ್ಲಿ ಬಿದ್ದಿತ್ತೋ ತಿಳಿಯದ ಆ ಪೊಟ್ಟಣಕ್ಕೆ ಇದಕ್ಕಿಂತ ಉತ್ತಮ ಉಪಯೋಗ ನನಗೆ ಕಾಣದು. ಡಬ್ಬಿಯ ಪಾಕವನ್ನು ಮಾತ್ರ ಕುದಿಸಬಾರದು. ಅದರಲ್ಲಿರುವ ಹಾಪ್ಸ್‌ನ ಸುವಾಸನೆ ಹಬೆಯಲ್ಲಿ ಹಾರಿಹೋಗುತ್ತದೆ.

ಹಂತ 2: ಕರಗಿಸಿ, ತಣಿಸಿ, ಅಳೆಯುವುದು

ಒಲೆ ಆರಿಸಿ, ಉಳಿದ 1.2 ಕೆಜಿ ಮಾಲ್ಟ್ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಕದಡಿ, ನಂತರ ಡಬ್ಬಿಯ ಪಾಕವನ್ನು ಸೇರಿಸಿರಿ. ಡಬ್ಬಿಯನ್ನು ಮೊದಲೇ ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟಿದ್ದರೆ ಪಾಕ ಸಲೀಸಾಗಿ ಇಳಿಯುತ್ತದೆ. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ತಣಿಸಿ, ಹಾಪ್ಸ್ ಸೋಸಿ, ಹುದುಗಿಸುವ ಪಾತ್ರೆಗೆ ಸುರಿದು ತಣ್ಣೀರಿನಿಂದ 19.5 ಲೀಟರಿಗೆ ತರಬೇಕು. 20ಕ್ಕೆ ತರಬೇಡಿ, ಸಕ್ಕರೆ ಇನ್ನೂ ಬಾಕಿಯಿದೆ.

ಈಗ ಚೆನ್ನಾಗಿ ಕಲಕಬೇಕು. ಗಟ್ಟಿ ಪಾಕ ತಳದಲ್ಲಿ ಕೂತು ಮೇಲೆ ಬರೀ ನೀರು ನಿಲ್ಲುವುದು ಕಿಟ್‌ಗಳಲ್ಲಿ ಸರ್ವೇಸಾಮಾನ್ಯ. ಆ ಸ್ಥಿತಿಯಲ್ಲಿ ತಳದ ನಲ್ಲಿಯಿಂದ ಮಾದರಿ ತೆಗೆದರೆ 1.070 ತೋರಿಸಬಹುದು, ಮೇಲಿನಿಂದ ತೆಗೆದರೆ 1.040, ಎರಡೂ ಸುಳ್ಳು. ಕಲಕಿದ ಮೇಲೆ ನಲ್ಲಿಯಲ್ಲಿ ನಿಂತಿದ್ದ ಮೊದಲ ಒಂದು ಲೋಟವನ್ನು ಚೆಲ್ಲಿ ನಂತರದ್ದನ್ನು ಅಳೆಯಿರಿ. ಹೈಡ್ರೋಮೀಟರನ್ನು ತಿರುಗಿಸಿ ಗುಳ್ಳೆ ಬಿಡಿಸಿ, ದ್ರವ ಗಾಜಿಗೆ ಅಂಟಿ ಏರುವ ಅಂಚನ್ನು ಬಿಟ್ಟು ಸಮತಲದ ಗೆರೆಯನ್ನು ಓದಬೇಕು. ಹೆಚ್ಚಿನ ಹೈಡ್ರೋಮೀಟರುಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಸರಿಯಾಗಿರುತ್ತವೆ. ಬಿಸಿ ದ್ರವದಲ್ಲಿ ಅಂಕಿ ಕಡಿಮೆ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ 1.054 ಬರಬೇಕು.

ಹಂತ 3: ಗಾಳಿ ಮತ್ತು ಯೀಸ್ಟ್

ಯೀಸ್ಟ್ ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವಾಗ ಜೀವಕೋಶದ ಪೊರೆಗಳನ್ನು ಕಟ್ಟಲು ಆಮ್ಲಜನಕ ಬೇಕು. ಗಟ್ಟಿ ದ್ರಾವಣದಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಬೇಕಾಗುವುದು ಮಾತ್ರ ಹೆಚ್ಚು. ಆದ್ದರಿಂದ ಯೀಸ್ಟ್ ಹಾಕುವ ಮುನ್ನ ದ್ರಾವಣವನ್ನು ಎತ್ತರದಿಂದ ಸುರಿದು, ನೊರೆ ಏಳುವಂತೆ ಹಲವು ನಿಮಿಷ ಬಡಿಯಬೇಕು. ಇದು ತಣಿದ ದ್ರಾವಣಕ್ಕೆ, ಹುದುಗುವಿಕೆ ಶುರುವಾಗುವ ಮುಂಚೆ ಮಾತ್ರ. ಆಮೇಲೆ ತಗಲುವ ಗಾಳಿ ಬಿಯರನ್ನು ಹಳಸುತ್ತದೆ, ಒದ್ದೆ ರಟ್ಟಿನಂತಹ ವಾಸನೆ ತರುತ್ತದೆ.

ಕಿಟ್‌ನ ಪೊಟ್ಟಣದಲ್ಲಿ ಇರುವುದು 5ರಿಂದ 7 ಗ್ರಾಂ. ಶೇ. 4ರ ಬಿಯರಿಗೇ ಅದು ಅಂಚಿನಲ್ಲಿದೆ. ಕಡಿಮೆ ಯೀಸ್ಟ್‌ಗೆ ಹೆಚ್ಚು ಕೆಲಸ ಬಿದ್ದಾಗ ಅದು ಬಳಲಿ ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಉಳಿಸುತ್ತದೆ, ಅಥವಾ ನಡುವೆಯೇ ಮಲಗಿಬಿಡುತ್ತದೆ. 1.060ಕ್ಕೆ ಸಮೀಪಿಸುವ ಯಾವುದೇ ಬಿಯರಿಗೆ 11 ಗ್ರಾಂನ ಎರಡು ಪೊಟ್ಟಣ ಹಾಕಿರಿ. ತಂಪಿನಲ್ಲಿ ಹುದುಗಿಸುವ ಲಾಗರ್ ಯೀಸ್ಟ್ ಆದರೆ ಮೂರು. ಫರ್ಮೆಂಟಿಸ್‌ನ ಯು.ಎಸ್.-05, ಲ್ಯಾಲೆಮಂಡ್‌ನ ನಾಟಿಂಗ್‌ಹ್ಯಾಮ್ ಎರಡೂ ಈ ಮಟ್ಟದ ಮದ್ಯಾಂಶವನ್ನು ಸುಲಭವಾಗಿ ತಾಳಿಕೊಳ್ಳುತ್ತವೆ, ರುಚಿಯಲ್ಲಿ ತಲೆಹಾಕುವುದಿಲ್ಲ. ಒಣ ಯೀಸ್ಟನ್ನು ಅದರ ಹತ್ತು ಪಟ್ಟು ತೂಕದ, 30ರಿಂದ 35 ಡಿಗ್ರಿಯ, ಕುದಿಸಿ ಆರಿಸಿದ ನೀರಿನಲ್ಲಿ ಕಾಲು ಗಂಟೆ ನೆನೆಸಿಡಬಹುದು. ಹಾಕುವಾಗ ಯೀಸ್ಟ್ ನೀರಿಗೂ ದ್ರಾವಣಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಇರದಿರಲಿ.

ಹಂತ 4: ಮೊದಲ ಮೂರು ದಿನ

ಸ್ಟ್ರಾಂಗ್ ಬಿಯರಿನ ರುಚಿ ನಿರ್ಧಾರವಾಗುವುದು ಇಲ್ಲಿ. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ಶಾಖ ಹುಟ್ಟುತ್ತದೆ. ಕೋಣೆ 20 ಡಿಗ್ರಿ ಇದ್ದರೂ ಪಾತ್ರೆಯ ಒಳಗೆ 24 ಇರುವುದು ಸಾಮಾನ್ಯ. ಆ ಬಿಸಿಯಲ್ಲಿ ಫ್ಯೂಸೆಲ್ ಎನ್ನುವ ಭಾರವಾದ ಮದ್ಯಗಳು ಹೆಚ್ಚು ಉತ್ಪತ್ತಿಯಾಗುತ್ತವೆ, ಗಂಟಲು ಸುಡುವ ಘಾಟಿಗೆ ಕಾರಣ ಅವೇ. ಒಮ್ಮೆ ಉತ್ಪತ್ತಿಯಾದರೆ ಎಷ್ಟು ಹಳೆಯದಾಗಿಸಿದರೂ ಅವು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ದ್ರಾವಣದ ತಾಪಮಾನವನ್ನು, ಕೋಣೆಯದ್ದನ್ನಲ್ಲ, 18ರಿಂದ 20 ಡಿಗ್ರಿಯಲ್ಲಿ ಹಿಡಿಯಬೇಕು. ಪಾತ್ರೆಯ ಹೊರಮೈಗೆ ಥರ್ಮಾಮೀಟರ್ ಪಟ್ಟಿ ಅಂಟಿಸಿ, ಪಾತ್ರೆಯನ್ನು ನೀರು ತುಂಬಿದ ಅಗಲ ಟಬ್ಬಿನಲ್ಲಿಟ್ಟು, ಅಗತ್ಯ ಬಿದ್ದಾಗ ಮಂಜುಗಡ್ಡೆ ಕಟ್ಟಿದ ಬಾಟಲಿಗಳನ್ನು ಟಬ್ಬಿಗೆ ಇಳಿಬಿಟ್ಟರೆ ಫ್ರಿಜ್ ಇಲ್ಲದೆಯೂ ಇದು ಸಾಧ್ಯ.

ನೊರೆಯೂ ಎಂದಿಗಿಂತ ಎತ್ತರಕ್ಕೆ ಏರುತ್ತದೆ. ಪಾತ್ರೆಯಲ್ಲಿ ಕನಿಷ್ಠ 5 ಲೀಟರ್ ಖಾಲಿ ಜಾಗ ಇರಲಿ. ಇಲ್ಲವಾದರೆ ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಕವಾಟ) ತೆಗೆದು ದಪ್ಪ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸೋಂಕುನಿವಾರಕ ತುಂಬಿದ ಪಾತ್ರೆಯಲ್ಲಿ ಮುಳುಗಿಸಿರಿ. ಹಾಪ್ಸ್ ಚೂರಿನಿಂದ ಏರ್‌ಲಾಕ್ ಕಟ್ಟಿಕೊಂಡರೆ ಒತ್ತಡಕ್ಕೆ ಮುಚ್ಚಳವೇ ಹಾರುತ್ತದೆ.

ಹಂತ 5: ಸಕ್ಕರೆಯನ್ನು ತಡವಾಗಿ ಕೊಡುವುದು

500 ಗ್ರಾಂ ಸಕ್ಕರೆಯನ್ನು ಮೊದಲ ದಿನವೇ ಏಕೆ ಹಾಕಲಿಲ್ಲ? ಸುಲಭದ ಸಕ್ಕರೆ ಎದುರಿಗಿದ್ದರೆ ಯೀಸ್ಟ್ ಮೊದಲು ಅದನ್ನೇ ಮುಗಿಸುತ್ತದೆ, ಮಾಲ್ಟ್‌ನ ಮಾಲ್ಟೋಸ್ ಒಡೆಯುವ ಕಿಣ್ವಗಳನ್ನು ಅಷ್ಟರಮಟ್ಟಿಗೆ ಹಿಂದಕ್ಕಿಡುತ್ತದೆ. ಊಟಕ್ಕೆ ಮೊದಲೇ ಸಿಹಿ ತಿಂದ ಮಕ್ಕಳು ತಟ್ಟೆಯಲ್ಲಿ ಅನ್ನ ಉಳಿಸಿದ ಹಾಗೆ, ಮಾಲ್ಟೋಸ್ ಉಳಿದುಹೋಗುವ ಸಾಧ್ಯತೆ ಇದೆ. ಜೊತೆಗೆ ಆರಂಭದ ಸಾಂದ್ರತೆ ಕಡಿಮೆ ಇದ್ದಷ್ಟೂ ಯೀಸ್ಟ್ ಸುಖವಾಗಿ ಬೆಳೆಯುತ್ತದೆ.

ಮೂರನೆಯ ಅಥವಾ ನಾಲ್ಕನೆಯ ದಿನ, ನೊರೆ ಇಳಿಯತೊಡಗಿದಾಗ, ಸಕ್ಕರೆಯನ್ನು 300 ಮಿಲಿ ನೀರಿನಲ್ಲಿ ಕುದಿಸಿ ಪಾಕ ಮಾಡಿ, ಮುಚ್ಚಿಟ್ಟು ಪೂರ್ತಿ ಆರಿಸಿ, ಸದ್ದಿಲ್ಲದೆ ಸುರಿಯಬೇಕು. ಒಣ ಸಕ್ಕರೆಯನ್ನು ನೇರವಾಗಿ ಎಂದೂ ಹಾಕಬಾರದು. ಹುದುಗುತ್ತಿರುವ ಬಿಯರಿನ ತುಂಬ ಕರಗಿದ ಅನಿಲವಿರುತ್ತದೆ. ಒಂದೊಂದು ಹರಳಿನ ಸುತ್ತ ಗುಳ್ಳೆಗಳು ಹುಟ್ಟಿ, ಕಣ್ಣುಮಿಟುಕಿಸುವುದರಲ್ಲಿ ಪಾತ್ರೆಯ ಬಾಯಿಯಿಂದ ಬಿಯರ್ ಉಕ್ಕಿ ನೆಲದ ಮೇಲಿರುತ್ತದೆ. ಹೀಗೆ ತಡವಾಗಿ ಸೇರಿದ ಸಕ್ಕರೆ ಹೈಡ್ರೋಮೀಟರಿನ ಮೊದಲ ಅಳತೆಯಲ್ಲಿ ಇರುವುದಿಲ್ಲ, ಆದ್ದರಿಂದ ಮದ್ಯಾಂಶ ಲೆಕ್ಕ ಹಾಕುವಾಗ 1.054ರ ಬದಲು 1.062 ಹಿಡಿಯಬೇಕು.

ಐದನೆಯ ದಿನದಿಂದ ತಾಪಮಾನವನ್ನು ನಿಧಾನವಾಗಿ 21-22 ಡಿಗ್ರಿಗೆ ಏರಲು ಬಿಡಬಹುದು. ಕೊನೆಯ ಸಕ್ಕರೆಗಳನ್ನು ಮುಗಿಸಲು ಅದು ಯೀಸ್ಟ್‌ಗೆ ನೆರವಾಗುತ್ತದೆ, ಈ ಹೊತ್ತಿಗೆ ಘಾಟಿನ ಭಯವಿಲ್ಲ.

ಹಂತ 6: ಮುಗಿಯಿತೆಂದು ತಿಳಿಯುವುದು

ಡಬ್ಬಿಯ ಮೇಲೆ ಒಂದು ವಾರಕ್ಕೂ ಕಡಿಮೆ ಅವಧಿ ಬರೆದಿದ್ದರೆ ಅದನ್ನು ಮರೆತುಬಿಡಿ. ಈ ಬಿಯರಿಗೆ ಎರಡರಿಂದ ಮೂರು ವಾರ ಬೇಕು. ಏರ್‌ಲಾಕಿನ ಗುಳ್ಳೆ ನಂಬಿಕೆಗೆ ಅರ್ಹವಲ್ಲ. ಎರಡು ದಿನಗಳ ಅಂತರದಲ್ಲಿ ಅಳೆದಾಗ ಅಂಕಿ ಒಂದೇ ಇದ್ದು, ಅದು ನಿರೀಕ್ಷಿಸಿದ 1.012-1.016ರೊಳಗಿದ್ದರೆ ಮಾತ್ರ ಮುಗಿದಂತೆ. ಬೆಳಕಿನ ಬಾಗುವಿಕೆಯಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಬಳಸುವವರು ಮದ್ಯವಿರುವ ದ್ರವದಲ್ಲಿ ಅದು ಹೆಚ್ಚು ಅಂಕಿ ತೋರಿಸುತ್ತದೆ ಎಂಬುದನ್ನು ನೆನಪಿಡಬೇಕು.

1.020ರಲ್ಲಿ ನಿಂತುಬಿಟ್ಟರೆ ಏನು ಮಾಡುವುದು? ಮೊದಲು 22 ಡಿಗ್ರಿಗೆ ಬೆಚ್ಚಗಾಗಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲನೆ ತಿರುಗಿಸಿ ತಳದ ಯೀಸ್ಟನ್ನು ಎಬ್ಬಿಸಿ ಮೂರು ನಾಲ್ಕು ದಿನ ಕಾಯಿರಿ. ಕದಲದಿದ್ದರೆ ಹೊಸ ಯೀಸ್ಟ್ ಬೇಕು, ಆದರೆ ಒಣ ಪೊಟ್ಟಣವನ್ನು ಹಾಗೆಯೇ ಉದುರಿಸಿದರೆ ಮದ್ಯದ ನಡುವೆ ಅದು ಕಣ್ಣು ಬಿಡುವುದು ಕಷ್ಟ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಮಾಲ್ಟ್ ಪುಡಿ ಹಾಕಿ ಕುದಿಸಿ ಆರಿಸಿ, ಅದರಲ್ಲಿ ಯೀಸ್ಟ್ ನೊರೆಗಟ್ಟಿದಾಗ ಬಿಯರಿಗೆ ಸುರಿಯಿರಿ.

ಹಂತ 7: ಬಾಟಲಿಗೆ ತುಂಬುವುದು

ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ತಳದ ಗಷ್ಟು ಬಿಟ್ಟು 19 ಲೀಟರ್ ಸಿಕ್ಕಿದರೆ 114 ಗ್ರಾಂ; ಕುದಿಸಿ ಆರಿಸಿ, ಬೇರೆ ಪಾತ್ರೆಯ ತಳಕ್ಕೆ ಹಾಕಿ, ಅದರ ಮೇಲೆ ಬಿಯರನ್ನು ಕೊಳವೆಯಿಂದ ಸದ್ದಿಲ್ಲದೆ ಇಳಿಸಿ ತುಂಬಬೇಕು. ಅರ್ಧ ಹುದುಗಿದ ಬಿಯರನ್ನು ಆತುರದಲ್ಲಿ ತುಂಬುವುದು ಬಹಳ ಅಪಾಯಕಾರಿ. ಕೇವಲ 4 ಅಂಕದಷ್ಟು ಸಕ್ಕರೆ ಹುದುಗದೆ ಉಳಿದು ಬಾಟಲಿಯೊಳಗೆ ಹುದುಗಿದರೂ ಅನಿಲದ ಪ್ರಮಾಣ ದುಪ್ಪಟ್ಟಿನ ಸಮೀಪಕ್ಕೆ ಹೋಗುತ್ತದೆ, ಗಾಜು ಸಿಡಿಯುತ್ತದೆ. ಅನಿಲದ ಒತ್ತಡಕ್ಕೆಂದೇ ಮಾಡಿದ ಬಿಯರ್ ಬಾಟಲಿಗಳನ್ನು ಬಿಟ್ಟು ಬೇರೆ ಗಾಜು ಬಳಸಬಾರದು. ಒಂದೆರಡು ಪ್ಲಾಸ್ಟಿಕ್ ಸೋಡಾ ಬಾಟಲಿಗಳಲ್ಲೂ ತುಂಬಿಟ್ಟರೆ ಬೆರಳಿನಿಂದ ಒತ್ತಿಯೇ ಒತ್ತಡ ಎಷ್ಟಾಗಿದೆ ಎಂದು ಅಂದಾಜಿಸಬಹುದು.

ಸ್ಟ್ರಾಂಗ್ ಬಿಯರಿನಲ್ಲಿ ಯೀಸ್ಟ್ ದಣಿದಿರುವುದರಿಂದ ಅನಿಲ ಹಿಡಿಯಲು 20 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ವಾರ ಬೇಕಾಗಬಹುದು. ಮದ್ಯಾಂಶದ ಅಂಚು ಮೆತ್ತಗಾಗಲು ಎರಡು ತಿಂಗಳು ಕೊಡುವುದು ಲೇಸು. ಅದಕ್ಕಿಂತ ಮೊದಲು ತೆರೆದ ಬಾಟಲಿಯಿಂದ ಇಡೀ ತಯಾರಿಯ ಬಗ್ಗೆ ತೀರ್ಪು ಕೊಡಬೇಡಿ.

ಶೇ. 8ರ ಆಚೆಗೆ

ಇದೇ ಲೆಕ್ಕದಿಂದ ನೀರು ಇಳಿಸಿ, ಮಾಲ್ಟ್ ಪುಡಿ ಏರಿಸಿ ಶೇ. 8ರವರೆಗೂ ಹೋಗಬಹುದು. ಅದರಾಚೆ ಕಿಟ್ ಡಬ್ಬಿ ಹೆಸರಿಗಷ್ಟೇ ಉಳಿಯುತ್ತದೆ: ಕಹಿಯ ಬಹುಪಾಲನ್ನು ನೀವೇ ಕುದಿಸಿ ಸೇರಿಸಬೇಕು, 10-12 ಲೀಟರಿನಷ್ಟು ಸಣ್ಣ ಪ್ರಮಾಣಕ್ಕೂ ಎರಡು ಪೊಟ್ಟಣ ಯೀಸ್ಟ್ ಬೇಕು, ಬಾಟಲಿಗೆ ತುಂಬುವಾಗ ಚಿಟಿಕೆಯಷ್ಟು ಹೊಸ ಯೀಸ್ಟ್ ಹಾಕದಿದ್ದರೆ ಅನಿಲವೇ ಹಿಡಿಯದಿರಬಹುದು. ಬಾರ್ಲಿವೈನ್ ಎಂಬ ಅತಿ ಸ್ಟ್ರಾಂಗ್ ಬಿಯರ್ ಮಾಡುವ ಆಸೆಯಿದ್ದವರು ಹಾಪ್ಸ್ ಸೇರದ ಸಾದಾ ಮಾಲ್ಟ್ ಪಾಕದಿಂದಲೇ ಶುರುಮಾಡುವುದು ಉತ್ತಮ.

ಶೇ. 6.5ರ ಬಿಯರ್ ನೋಡಲು ಶೇ. 4ರದ್ದರಂತೆಯೇ ಇರುತ್ತದೆ. 500 ಮಿಲಿ ಬಾಟಲಿಯಲ್ಲಿ ಮೊದಲನೆಯದರಲ್ಲಿ 32 ಮಿಲಿಗೂ ಹೆಚ್ಚು ಮದ್ಯವಿದ್ದರೆ ಎರಡನೆಯದರಲ್ಲಿ 20 ಮಿಲಿ. ಆದ್ದರಿಂದ ಇದನ್ನು 330 ಮಿಲಿ ಬಾಟಲಿಗಳಲ್ಲಿ ತುಂಬಿ, ಪ್ರತಿ ಮುಚ್ಚಳದ ಮೇಲೆ ತುಂಬಿದ ದಿನಾಂಕದ ಜೊತೆಗೆ ಮದ್ಯಾಂಶವನ್ನೂ ಅಳಿಸದ ಶಾಯಿಯಲ್ಲಿ ಬರೆದಿಡಿ.